ಗುರುತಿಗೊಂದು ಕೆಂಪು ಚುಕ್ಕೆ

ನಾನು ಒಂದು ಉಗುರುಬಣ್ಣದ ಶೀಶೆ. ಹೆಬ್ಬೆರಳಿನಷ್ಟು ಎತ್ತರ, ಕಪ್ಪು ಮುಚ್ಚಳ, ಮುಚ್ಚಳಕ್ಕೇ ಅಂಟಿಕೊಂಡ ಕುಂಚ. ಆತ್ಮಕಥೆ ಹೇಳಿಕೊಳ್ಳುವಷ್ಟು ದೊಡ್ಡ ಬಾಳು ನನ್ನದಲ್ಲ. ಹಿರಿಮೆಯ ಕಥೆಯಾಗಿದ್ದರೆ ಸುಮ್ಮನಿದ್ದುಬಿಡುತ್ತಿದ್ದೆ. ನಾಚಿಕೆಯ ಕಥೆಯಾದ್ದರಿಂದ ಯಾರಿಗಾದರೂ ಹೇಳಬೇಕೆನಿಸುತ್ತದೆ.

ಯಾವ ಊರಿನ ಕಾರ್ಖಾನೆಯಲ್ಲಿ ಹುಟ್ಟಿದೆನೋ ತಿಳಿಯದು. ನನ್ನಂಥ ಸಾವಿರ ಶೀಶೆಗಳ ಸಾಲು, ಮೇಲಿನಿಂದ ಸುರಿದ ಕಡುಗೆಂಪು ಬಣ್ಣ, ಕೊನೆಗೆ ಟಪ್ಪೆಂದು ಒಳಗೆ ಬಿದ್ದ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಉಕ್ಕಿನ ಗುಂಡು, ಇಷ್ಟು ನೆನಪಿದೆ. ಬಣ್ಣ ತಳಕ್ಕಿಳಿಯದಿರಲಿ ಎಂದು ಆ ಗುಂಡು ಹಾಕುತ್ತಾರಂತೆ. ಅಲ್ಲಾಡಿಸಿದರೆ ಟಿಕ್ ಟಿಕ್ ಎನ್ನುತ್ತದೆ. ನನಗೆ ನಾಲಿಗೆ ಅಂತ ಇದ್ದದ್ದು ಅದೊಂದೇ.

ಹೊಸಪೇಟೆಯ ಬಳೆ ಅಂಗಡಿಯೊಂದರ ಗಾಜಿನ ಪೆಟ್ಟಿಗೆಯಿಂದ ನನ್ನನ್ನು ಕೊಂಡವಳು ಅನುಪಮಾ. ಅವಳ ಮದುವೆಗೆ ನಾಲ್ಕು ದಿನ ಉಳಿದಿತ್ತು. ಇಪ್ಪತ್ತು ಉಗುರಿಗೂ ನನ್ನನ್ನು ಹಚ್ಚಿಕೊಂಡು, ಗಂಡನ ಮನೆ ಕೊಪ್ಪಳಕ್ಕೆ ಹೋಗುವಾಗ ಕನ್ನಡಿಯ ಮುಂದೆ ಮರೆತುಹೋದಳು. ಹಾಗೆ ನಾನು ಅವಳ ತಂಗಿ ಶಾಂಭವಿಯ ಪಾಲಿಗೆ ಬಂದೆ.

ಶಾಂಭವಿ ಎಂ.ಎ. ಮುಗಿಸಿ ಮನೆಯಲ್ಲಿದ್ದಳು. ಮಾತು ಕಡಿಮೆ. ಉಗುರಿಗೆ ಬಣ್ಣ ಹಚ್ಚಿದರೆ ಯಾರಾದರೂ ನೋಡಿ, 'ಚಂದ ಐತಲ್ಲ' ಅಂದುಬಿಟ್ಟರೆ ಏನು ಉತ್ತರ ಕೊಡುವುದೆಂದು ಹೆದರುವವಳು. ಅವಳಿಗೆ ಮಾತೆಲ್ಲ ಡೈರಿಯಲ್ಲಿ. ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ ಅದರ ಮೇಲೆ ನನ್ನನ್ನು ಇಡುತ್ತಿದ್ದಳು. ಅವಳು ಬರೆದದ್ದನ್ನೆಲ್ಲ ನಾನು ಓದಿದ್ದೇನೆ. ಅದೂ ಒಂದು ನಾಚಿಕೆಯೇ.

ಆ ಮನೆಯಲ್ಲಿ ನನಗೊಂದು ಮರ್ಯಾದೆಯ ಕೆಲಸವೂ ಸಿಕ್ಕಿತು. ಮದುವೆ ಮುಂಜಿಗೆಂದು ಬೀದಿಯವರು ಒಯ್ಯುವ ಪಾತ್ರೆಗಳು ಅದಲುಬದಲಾಗುತ್ತಿದ್ದವು. ಅದಕ್ಕೆ ಅವಳ ತಾಯಿ ಕೊಳಗ, ಪರಾತ, ಸೌಟುಗಳ ತಳಕ್ಕೆ ನನ್ನದೊಂದು ಚುಕ್ಕೆ ಇಡಿಸುತ್ತಿದ್ದರು. 'ಇದು ನಮ್ಮದು' ಅಂತ ಗುರುತು. ಯಾವ ಪಂಕ್ತಿಗೆ ಹೋದರೂ ನನ್ನ ಚುಕ್ಕೆ ನೋಡಿ ಪಾತ್ರೆ ಮನೆಗೆ ಮರಳುತ್ತಿತ್ತು. ಆಗ ನಾನು ಹೇಳುತ್ತಿದ್ದುದು ನಿಜವನ್ನೇ.

ಅಂಥದೇ ಒಂದು ಚುಕ್ಕೆಯನ್ನು ಗಾಳೆಪ್ಪ ಬೇಡಿದ. ಅದಿರಿನ ಲಾರಿಗಳು ಓಡಾಡುವ ಊರಲ್ಲವೇ, ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಕಾರುಗಳ ಮೇಲೆ ಕೆಂಧೂಳು ಕೂತಿರುತ್ತದೆ. ಆ ಬೀದಿಯ ಐದು ಕಾರುಗಳನ್ನು ಒರೆಸುವುದು ಗಾಳೆಪ್ಪನ ಕೆಲಸ. ಐವತ್ತೈದು ದಾಟಿದ ಮನುಷ್ಯ. ಒಂದು ಬೆಳಿಗ್ಗೆ ಕಿಟಕಿಯ ಹತ್ತಿರ ಬಂದು ನಿಂತ.

"ಯವ್ವಾ, ನಲ್ಲಿ ಹತ್ರ ನನ್ನ ಬಕೀಟು ಯಾರರ ಎತ್ತಿಕೊಂಡು ಹೋಗ್ತಾರ. ನಿಮ್ಮ ಪಾತ್ರಿಗೆ ಹಚ್ತೀಯಲ್ಲ, ಅದನ್ನ ಇದಕ್ಕೂ ಒಂದೀಟು ಹಚ್ಚಿಕೊಡವ್ವಾ."

ಶಾಂಭವಿ ನೀಲಿ ಬಕೀಟಿನ ಹಿಡಿಕೆಯ ಕೆಳಗೆ ದೊಡ್ಡ ಚುಕ್ಕೆ ಇಟ್ಟಳು. ಗಾಳೆಪ್ಪ ಅದನ್ನು ದೂರ ಹಿಡಿದು ನೋಡಿ ನಕ್ಕ. "ಕುಂಕುಮ ಇಟ್ಟಂಗಾತು. ಇನ್ನ ಇದು ಮುತ್ತೈದಿ ಬಕೀಟು. ಯಾವಾನರ ಮುಟ್ಲಿ ನೋಡ್ತೀನಿ!" ಅವಳೂ ನಕ್ಕಳು. ಆ ದಿನ ಡೈರಿಯಲ್ಲಿ ಅರ್ಧ ಪುಟ ಬರೆದದ್ದು ಇದನ್ನೇ.

ಇನ್ನು ಕಾರಿನ ವಿಷಯ. ಅವಳ ತಂದೆ ಚನ್ನವೀರಯ್ಯನವರು ನಿವೃತ್ತ ಹೆಡ್‌ಮಾಸ್ತರರು. ಪಿಂಚಣಿ ಬಂದ ಮೇಲೆ ಕೊಂಡ ಕಡುಗೆಂಪು ಕಾರು ಅವರ ಜೀವ. ಮಗಳಿಗೆ ಲೈಸೆನ್ಸ್ ಬಂದು ನಾಲ್ಕು ತಿಂಗಳಾಗಿತ್ತು. ಕೀಲಿ ಮಾತ್ರ ಬಂದಿರಲಿಲ್ಲ. ಕೇಳಿದಾಗಲೆಲ್ಲ, "ಇವತ್ತು ಬ್ಯಾಡ, ನಾಳಿ ನೋಡೋಣು" ಎನ್ನುತ್ತಿದ್ದರು.

ತಾಯಿ ಮೊಮ್ಮಗುವಿನ ಆರೈಕೆಗೆಂದು ಕೊಪ್ಪಳಕ್ಕೆ ಹೋಗಿದ್ದ ದಿನಗಳು. ಒಂದು ಮಧ್ಯಾಹ್ನ ಮಾಸ್ತರರು ಉಂಡು ಅಡ್ಡಾದಾಗ ಶಾಂಭವಿ ಕೀಲಿ ತೆಗೆದುಕೊಂಡಳು. ಎಲ್ಲಿಗೂ ಹೋಗುವ ಉದ್ದೇಶವಿರಲಿಲ್ಲ. ಸುಮ್ಮನೆ ಗೇಟು ದಾಟಬೇಕು, ತಿರುಗಿ ಬರಬೇಕು. ಮೂರು ಅಡಿ ಹೋದಳು. ಬೀದಿಯಿಂದ ಯಾವುದೋ ಬೈಕು ಹಾರ್ನ್ ಹೊಡೆಯಿತು. ಗಾಬರಿಯಲ್ಲಿ ಹಿಂದಕ್ಕೆ ತಂದಾಗ ಗೇಟಿನ ಅಗುಳಿ ಎಡಗಡೆಯ ಮುಂದಿನ ಚಕ್ರದ ಮೇಲಿನ ತಗಡಿಗೆ ತಾಗಿ ಕರ್ ಎಂದಿತು. ಮೂರು ಅಡಿಯ ಪ್ರಯಾಣಕ್ಕೆ ಅವರೆಕಾಳಿನಷ್ಟು ಬಣ್ಣ ಎದ್ದು, ಅಡಿಯ ಬೂದು ಬಣ್ಣ ಕಂಡಿತು.

ಮೊದಲು ಟೂತ್‌ಪೇಸ್ಟ್ ತಂದು ತಿಕ್ಕಿದಳು. ಮೊಬೈಲಿನಲ್ಲಿ ಯಾರೋ ಹಾಗೆ ಮಾಡಿದ್ದನ್ನು ನೋಡಿದ್ದಳಂತೆ. ಗೀರು ಹೋಗಲಿಲ್ಲ, ಬಿಳಿ ಬಿಳಿ ಕಂಡಿತು. ಆಮೇಲೆ ನನ್ನನ್ನು ತಂದಳು. ಟಿಕ್ ಟಿಕ್ ಅಲ್ಲಾಡಿಸಿ, ಕುಂಚ ಅದ್ದಿ, ಉಸಿರು ಬಿಗಿಹಿಡಿದು ಒಂದು ಸಲ ಹಚ್ಚಿದಳು. ಊದಿ ಊದಿ ಒಣಗಿಸಿ ಇನ್ನೊಂದು ಸಲ. ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದರೆ ಏನೂ ಕಾಣಲಿಲ್ಲ. ಸುಳ್ಳೇಕೆ ಹೇಳಲಿ, ಆಗ ನಾನು ಹೆಮ್ಮೆಪಟ್ಟೆ. ಕೊಳಗದ ತಳದಲ್ಲಿ ಕೂರುವ ನಾನು ಕಾರಿನ ಮೈಯಾದೆನಲ್ಲ!

ನೆರಳಿನ ಹೆಮ್ಮೆ ಬಿಸಿಲಿಗೆ ನಿಲ್ಲುವುದಿಲ್ಲ. ಎರಡು ವಾರಕ್ಕೆ ನನ್ನ ಅಂಚು ಸಿಪ್ಪೆಯಂತೆ ಎದ್ದಿತು. ಒಂದು ಬೆಳಿಗ್ಗೆ ಮಾಸ್ತರರ ಕಣ್ಣಿಗೆ ಬಿತ್ತು.

"ಗಾಳೆಪ್ಪಾ, ಬಾ ಇಲ್ಲಿ. ಇದೇನಿದು?"

ಗಾಳೆಪ್ಪ ಬಗ್ಗಿ ನೋಡಿದ. "ಯಾರೋ ಬಣ್ಣ ಹಚ್ಚ್ಯಾರ್ರಿ ಸರ."

"ಯಾರೋ ಅಲ್ಲ, ನೀನು. ಬಕೀಟು ತಾಗಿಸಿ ಮ್ಯಾಲ ಬಳದೀ. ಮೂವತ್ತೈದು ವರ್ಷ ಹುಡುಗರ ಸುಳ್ಳು ಹಿಡದಾಂವ ನಾನು."

"ನಾ ತಾಗಿಸಿಲ್ರಿ ಸರ. ತಾಗಿಸಿದ್ರ ಅವತ್ತ ಹೇಳ್ತಿದ್ದೆ."

ಮಾಸ್ತರರ ಕಣ್ಣು ಬಕೀಟಿನ ಮೇಲೆ ಹೋಯಿತು. ಅದನ್ನೆತ್ತಿ ಕಾರಿನ ಪಕ್ಕ ಹಿಡಿದರು. ಚುಕ್ಕೆಯ ಪಕ್ಕ ಚುಕ್ಕೆ. ಒಂದೇ ಕೆಂಪು.

"ಹಂಗಾರ ಇದನ್ನ ಯಾರು ಹಚ್ಚಿದ್ದು? ಹೇಳು!"

ಕಿಟಕಿಯ ಪರದೆಯ ಹಿಂದೆ ಶಾಂಭವಿ ನಿಂತಿದ್ದಳು. ನಾನು ಅವಳ ಮುಷ್ಟಿಯಲ್ಲಿದ್ದೆ. ಗಾಳೆಪ್ಪ ತಲೆಯೆತ್ತಿ ಕಿಟಕಿಯನ್ನು ಒಂದು ಗಳಿಗೆ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತೆಂದು ನನಗೆ ಆಗಲೇ ತಿಳಿಯಿತು. ಅವನು ಕಣ್ಣು ಕೆಳಗಿಳಿಸಿ ಹೇಳಿದ.

"ನಾನ ಹಚ್ಚಿಕೊಂಡೀನ್ರಿ. ಗುರುತಿಗೆ."

"ನಾಳಿಂದ ಈ ಕಡಿ ಬರಬ್ಯಾಡ."

ಅವನು ಬಕೀಟಿನ ನೀರನ್ನು ಗಿಡದ ಬುಡಕ್ಕೆ ಸುರಿದು, ಒದ್ದೆ ಬಟ್ಟೆ ಹಿಂಡಿ ಹೆಗಲಿಗೆ ಹಾಕಿಕೊಂಡು ಹೋದ. ಮಾಸ್ತರರ ಮಾತೆಂದರೆ ಬೀದಿಗೆ ಸರ್ಕಾರಿ ಮೊಹರು ಇದ್ದಂತೆ. ವಾರದೊಳಗೆ ಇನ್ನು ಮೂರು ಮನೆಯವರೂ ಅವನನ್ನು ಬಿಡಿಸಿದರು. ಒಂದೇ ಕಾರು ಉಳಿಯಿತು.

ಆ ದಿನ ಶಾಂಭವಿ ಡೈರಿಯಲ್ಲಿ ಒಂದೇ ಸಾಲು ಬರೆದಳು: 'ನಾಳೆ ಹೇಳುತ್ತೇನೆ.' ಮರುದಿನವೂ ಅದೇ ಸಾಲು. ಅಪ್ಪನ ಮುಂದೆ ತಟ್ಟೆ ಇಡುವಾಗ ಬಾಯಿ ತೆರೆಯುತ್ತಿದ್ದಳು. "ಏನವ್ವಾ?" ಎಂದು ಅವರು ಕೇಳಿದರೆ, "ಸಾರು ಹಾಕ್ಲೇನು?" ಎಂದುಬಿಡುತ್ತಿದ್ದಳು. ಹನ್ನೊಂದು ದಿನ ಹನ್ನೊಂದು ಸಾಲು. ಯಾರ ಕಣ್ಣಿಗಾದರೂ ಬಿದ್ದೇನೆಂದು ನನ್ನನ್ನು ತನ್ನ ಚೀಲಕ್ಕೆ ಹಾಕಿಕೊಂಡು, ಹೋದಲ್ಲೆಲ್ಲ ಹೊತ್ತು ತಿರುಗಿದಳು.

ಹನ್ನೆರಡನೆಯ ದಿನ ಮಾಸ್ತರರು ಕಾರು ಸರಿಮಾಡಿಸಲು ಹೊರಟರು. ಬಾನೆಟ್ಟಿನ ಮೇಲೆ ಲಾರಿಗಳ ಕಲ್ಲೇಟಿನ ಗುರುತುಗಳೂ ಇದ್ದವು. "ನೀನೂ ಬಾ, ಒಬ್ಬನೇ ಕುಂದ್ರಾಕ ಬ್ಯಾಸರ" ಎಂದು ಮಗಳನ್ನೂ ಕರೆದುಕೊಂಡರು.

ಮೊದಲ ಅಂಗಡಿ ಮದುವೆ ಮಂಟಪದಂತೆ ದೀಪ ಹಾಕಿಕೊಂಡಿತ್ತು. ಅಲ್ಲಿಯ ಯಜಮಾನ ಕಾರನ್ನು ನೋಡುವ ಮೊದಲೇ, "ಒಂದು ತಾಸು ಸಾಕು ಸರ್, ಕನ್ನಡಿ ಮಾಡಿ ಕೊಡ್ತೀವಿ. ಯಾವ ಗೀರೂ ಕಾಣಂಗಿಲ್ಲ" ಅಂದ. ಶಾಂಭವಿಯ ಎದೆ ಹಗುರವಾಯಿತು. ಏನೂ ಕೇಳದೆ ಎಲ್ಲ ಮುಚ್ಚಿಬಿಡುವವರು! ಇನ್ನೇನು ಬೇಕು? ಆದರೆ ಪಕ್ಕದ ಕಾರು ಒರೆಸುತ್ತಿದ್ದವನ ಬಟ್ಟೆ ನೆಲಕ್ಕೆ ಬಿತ್ತು. ಅವನು ಅದನ್ನೆತ್ತಿ, ಝಾಡಿಸಿ, ಅದರಿಂದಲೇ ಮತ್ತೆ ಒರೆಸತೊಡಗಿದ. ಮಾಸ್ತರರು ಎದ್ದರು. "ಆ ಮಣ್ಣು ಸಾಕು, ಸಾವಿರ ಗೀರು ಬೀಳಾಕ. ನಡಿಯವ್ವಾ."

ಎರಡನೆಯದು ಬೈಪಾಸ್ ರಸ್ತೆಯ ಬದಿಯ ತಗಡಿನ ಶೆಡ್ಡು. ಅದರ ಒಡೆಯ ದಾದಾಪೀರ್. ಬೆಲೆಯನ್ನೂ ಹೇಳಲಿಲ್ಲ, ಕಾರನ್ನೂ ಹೊಗಳಲಿಲ್ಲ. "ಮೊದ್ಲು ತೊಳೀತೀನಿ, ಆಮ್ಯಾಲ ನೋಡ್ತೀನಿ, ಆಮ್ಯಾಲ ಮಾತಾಡೋಣ್ರಿ" ಎಂದ. ತೊಳೆದ ಕಾರನ್ನು ಬಿಸಿಲಿಗೆ ನಿಲ್ಲಿಸಿ, ಕಾರಿನ ಬಾಗಿಲ ಅಂಚಿಗೆ ಕಂಪನಿ ಅಂಟಿಸಿದ್ದ ಚೀಟಿಯಿಂದ ಬಣ್ಣದ ನಂಬರು ಬರೆದುಕೊಂಡ. ಒಂದೊಂದು ಗೀರಿನ ಮೇಲೂ ಉಗುರು ಎಳೆದು ನೋಡಿದ. ಉಗುರು ಸಿಕ್ಕಿಬಿದ್ದರೆ ಗಾಯ ಆಳ, ಜಾರಿದರೆ ಪಾಲಿಶ್ ಸಾಕು. ಬಾನೆಟ್ಟಿನ ಕಲ್ಲೇಟುಗಳನ್ನು ಎಣಿಸಿ, ತುಕ್ಕು ಹಿಡಿದವು ಎಷ್ಟು, ಹಿಡಿಯದವು ಎಷ್ಟು ಎಂದು ತೋರಿಸಿದ. ಕೊನೆಗೆ ಎಡಗಡೆಗೆ ಬಂದು ನನ್ನ ಚುಕ್ಕೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಹತ್ತಿಯ ತುದಿಗೆ ಏನೋ ಮುಟ್ಟಿಸಿ ಅಂಚಿಗೆ ತಾಗಿಸಿದ. ಹತ್ತಿ ಕೆಂಪಾಯಿತು. ಮೂಸಿದ.

"ಇದು ಕಾರಿನ ಬಣ್ಣ ಅಲ್ರಿ. ಹೆಣ್ಮಕ್ಕಳು ಉಗುರಿಗೆ ಹಚ್ಚೋದು."

"ಏನರ ಇರ್ಲಿ. ಕಾರು ತೊಳಿಯಾಂವ ಮಾಡಿದ್ದು. ನೀ ತೆಗಿ."

"ಹಂಗ ತೆಗಿಯಾಕ ಬರಂಗಿಲ್ರಿ. ಎಷ್ಟು ಸಲ ಹಚ್ಯಾನ, ಕೆಳಗ ಇನ್ನೇನರ ಹಚ್ಯಾನೇನು, ಗೊತ್ತಾಗ್ಬೇಕು. ಜೋರು ಮಾಡಿದ್ರ ಕಂಪನಿ ಬಣ್ಣಾನೂ ಮೆತ್ತಗಾಗಿ ಎದ್ದು ಬರತೈತಿ. ಹಚ್ಚಿದಾವನ್ನ ಕೇಳ್ರಿ. ಅಲ್ಲೀತನ ನಾ ಕೈ ಹಚ್ಚಂಗಿಲ್ಲ."

ಮಾಸ್ತರರು ಮೊಬೈಲ್ ತೆಗೆದರು. "ಛಲೋ ಆತು. ಇಲ್ಲೇ ಕರಸ್ತೀನಿ. ನಿನ್ನ ಮುಂದ ಒಪ್ಪಿಕೊಳ್ಳಲಿ."

ಕರೆ ಹೋಗುವ ಸದ್ದು ಶಾಂಭವಿಗೂ ಕೇಳುತ್ತಿತ್ತು. ಒಂದು ರಿಂಗು. ಎರಡು. ಅವಳ ಕೈ ಚೀಲದೊಳಗೆ ಬಂತು. ಹೊರಗೆಳೆದ ರಭಸಕ್ಕೆ ನನ್ನ ಗುಂಡು ಟಿಕ್ ಟಿಕ್ ಟಿಕ್ ಎಂದಿತು. ದಾದಾಪೀರ್ ತಿರುಗಿ ನೋಡಿದ. ಅವಳು ನನ್ನನ್ನು ಕಾದ ಬಾನೆಟ್ಟಿನ ಮೇಲೆ ಇಟ್ಟಳು.

"ಎರಡು ಸಲ," ಎಂದಳು. ಮತ್ತೆ ಹೇಳಿದಳು. "ಎರಡು ಸಲ ಹಚ್ಚೀನಿ. ಕೆಳಗ ಟೂತ್‌ಪೇಸ್ಟ್ ಐತಿ. ಗೇಟಿಗೆ ತಾಗಿಸಿದ್ದು ನಾನು."

ಅದೇ ಹೊತ್ತಿಗೆ ಮೊಬೈಲಿನಿಂದ ಗಾಳೆಪ್ಪನ ದನಿ ಬಂತು. "ಹಲೋ? ಸರ? ಹೇಳ್ರಿ ಸರ..."

ಮಾಸ್ತರರು ಮಗಳನ್ನು ನೋಡಿದರು, ನನ್ನನ್ನು ನೋಡಿದರು. ಮೂವತ್ತೈದು ವರ್ಷ ಸಾವಿರಾರು ಹುಡುಗರಿಗೆ ತಪ್ಪೊಪ್ಪಿಕೊಳ್ಳುವುದನ್ನು ಕಲಿಸಿದ ಬಾಯಿಗೆ ಬಂದದ್ದು ಇಷ್ಟೇ. "ಏನಿಲ್ಲ ಗಾಳೆಪ್ಪ. ಆಮ್ಯಾಲ ಮಾಡ್ತೀನಿ," ಎಂದು ಕರೆ ಕತ್ತರಿಸಿದರು.

ದಾದಾಪೀರ್ ನನ್ನನ್ನೆತ್ತಿ ಚೀಟಿ ಓದಿದ. "ಆತು ತಂಗಿ. ಈಗ ಕೆಲಸ ಮಾಡಬಹುದು," ಎಂದಷ್ಟೇ ಹೇಳಿದ.

ಕೆಲಸ ಮೂರು ದಿನ ಹಿಡಿಯಿತು. ಕಾರಿನ ಮೇಲಿದ್ದ ನನ್ನನ್ನು ಚೂರು ಚೂರಾಗಿ ತೆಗೆದ. ಗಾಯ ತೊಳೆದು, ಪ್ರೈಮರಿನ ಚುಕ್ಕೆ ಇಟ್ಟು, ಅದು ಒಣಗಿದ ಮೇಲೆ ನಂಬರಿಗೆ ಸರಿಯಾಗಿ ಕಲಸಿದ ಬಣ್ಣ, ಅದೂ ಒಣಗಿದ ಮೇಲೆ ಹೊಳಪಿನ ಪದರ. ಪ್ರತಿ ಪದರಕ್ಕೂ ಕಾದ. ಕೊನೆಗೆ ನೀರಿನಲ್ಲಿ ನೆನೆಸಿದ ಉಜ್ಜುಕಾಗದದಿಂದ ಮೆಲ್ಲಗೆ ತಿಕ್ಕಿ ಸಮ ಮಾಡಿದ. ಕಾರು ಒಪ್ಪಿಸುವಾಗ ಹೇಳಿದ: "ಹತ್ರ ಬಂದು ನೋಡಿದ್ರ ಕಾಣತೈತ್ರಿ. ಕಾಣಂಗಿಲ್ಲ ಅನ್ನಾವ್ರ ಕಡೆ ಮಾತ್ರ ಯಾವತ್ತೂ ಹೋಗಬ್ಯಾಡ್ರಿ." ನನ್ನನ್ನು ಶಾಂಭವಿಯ ಕೈಗೆ ಕೊಟ್ಟ.

ಆ ಮೂರು ದಿನ ಮಾಸ್ತರರು ತಮ್ಮ ಊಟ ತಾವೇ ಬಡಿಸಿಕೊಂಡರಂತೆ. 'ಅಪ್ಪ ಬೈದಿದ್ದರೆ ಚೆನ್ನಾಗಿತ್ತು' ಎಂದು ಡೈರಿಯಲ್ಲಿದೆ. ನಾಲ್ಕನೆಯ ದಿನ ಮಾಸ್ತರರು ಅಂಗಿ ತೊಟ್ಟು ಬಂದು, "ಅವನ ಮನಿ ಎಲ್ಲೈತಿ, ಗೊತ್ತೈತೇನು?" ಎಂದು ಕೇಳಿದರು. ಇಬ್ಬರೂ ನಡೆದೇ ಹೋದರು. ಚೀಲದಲ್ಲಿ ನಾನೂ ಇದ್ದೆ.

ಗಾಳೆಪ್ಪ ಬಾಗಿಲಲ್ಲೇ ಸಿಕ್ಕ. "ನಾಳಿಂದ ಬಾ ಗಾಳೆಪ್ಪ," ಎಂಬಲ್ಲಿಗೆ ಮಾಸ್ತರರ ಮಾತು ನಿಂತಿತು. ಉಳಿದದ್ದನ್ನು ಶಾಂಭವಿಯೇ ಹೇಳಬೇಕಾಯಿತು.

"ಅದನ್ನ ಮಾಡಿದ್ದು ನಾನು ಗಾಳೆಪ್ಪಣ್ಣ."

"ಗೊತ್ತಿತ್ರಿ ಅಕ್ಕಾರ," ಎಂದ ಅವನು.

ಸಿಟ್ಟಿನಿಂದ ಹೇಳಲಿಲ್ಲ. ಆದರೆ ಯವ್ವಾ ಎನ್ನುತ್ತಿದ್ದವನು ಅಂದು ಮೊದಲ ಬಾರಿ, ಮನೆಯ ಒಡತಿಗೆ ಹೇಳುವಂತೆ, ಅಕ್ಕಾರ ಎಂದ. ದಾರಿಯುದ್ದಕ್ಕೂ ಅವಳು ಅತ್ತಳು. ಆಮೇಲೆ ಮನೆಗೆ ಹೋಗದೆ, ಅವನನ್ನು ಬಿಡಿಸಿದ್ದ ಮೂರು ಮನೆಗಳ ಬಾಗಿಲು ತಟ್ಟಿದಳು. ಮೂರು ಕಡೆಯೂ ನಿಂತು ಅದೇ ಮಾತು ಹೇಳಿದಳು. ಒಬ್ಬಾಕೆ, "ಅಯ್ಯ, ಮೂಗಿ ಅಂದ್ಕೊಂಡಿದ್ವಿ, ಮಾತಾಡ್ತೀಯಲ್ಲ!" ಎಂದು ನಕ್ಕಳು. ಎರಡು ಮನೆಯವರು ಅವನನ್ನು ಮತ್ತೆ ಕರೆದರು. ಮೂರನೆಯವರು ಅಷ್ಟರಲ್ಲಿ ಬೇರೆಯವನನ್ನು ಗೊತ್ತುಮಾಡಿಕೊಂಡಿದ್ದರು.

ಈಗ ನಾನು ಕಿಟಕಿಯ ಕಟ್ಟೆಯ ಮೂಲೆಯಲ್ಲಿದ್ದೇನೆ. ದಿನಾ ಬೆಳಿಗ್ಗೆ ಗಾಳೆಪ್ಪ ಬರುತ್ತಾನೆ. ಬಟ್ಟೆ ಅದ್ದುವ ಮೊದಲು ಗೇಟಿನಲ್ಲಿ ನಿಂತು ಕರೆಯುತ್ತಾನೆ: "ಅಕ್ಕಾರ, ಒಮ್ಮಿ ನೋಡ್ಕೊಳ್ರಿ." ಅವಳು ಹೊರಗೆ ಬಂದು ಕಾರನ್ನು ಸುತ್ತು ಹಾಕಬೇಕು. ಒರೆಸಿ ಮುಗಿಸಿದ ಮೇಲೆ ಮತ್ತೆ, "ಆತ್ರಿ ಅಕ್ಕಾರ, ನೋಡ್ಕೊಳ್ರಿ." ಮತ್ತೊಂದು ಸುತ್ತು. ಬೇಡ ಗಾಳೆಪ್ಪಣ್ಣ ಎಂದು ಎಷ್ಟು ಸಲ ಹೇಳಿದರೂ ಅವಳು ನೋಡದೆ ಅವನು ಬಕೀಟು ಎತ್ತುವುದಿಲ್ಲ. ಎಡಗಡೆಗೆ ಬಂದಾಗ ಅವಳು ಬಗ್ಗುತ್ತಾಳೆ. ಹತ್ತಿರದಿಂದ ನೋಡಿದರೆ ಕಾಣುತ್ತದೆ. "ಸರಿ ಐತಿ," ಎನ್ನುತ್ತಾಳೆ.

ಬಕೀಟಿನ ಚುಕ್ಕೆ ಉಜ್ಜಿ ಉಜ್ಜಿ ಮುಕ್ಕಾಲು ಅಳಿಸಿದೆ. ಮೊನ್ನೆ ಅದನ್ನು ನೋಡಿ ಅವಳು ಒಳಗೆ ಓಡಿಬಂದು ನನ್ನನ್ನೆತ್ತಿ ಅಲ್ಲಾಡಿಸಿದಳು. ಟಿಕ್ ಎನ್ನಲಿಲ್ಲ. ಗುಂಡು ಒಣಗಿದ ಬಣ್ಣದೊಳಗೆ ಹೂತುಹೋಗಿದೆ. ಮುಚ್ಚಳ ತಿರುಗಿಸಿದಳು, ಬರಲಿಲ್ಲ. ಹೊರಗೆ ಗಾಳೆಪ್ಪ ಕರೆಯುತ್ತಿದ್ದ. ಹೊಸ ಚುಕ್ಕೆ ಬೇಕೆಂದು ಅವನು ಕೇಳಿರಲಿಲ್ಲ. ಅವಳು ನನ್ನನ್ನು ಮೂಲೆಯಲ್ಲಿಟ್ಟು, ಕಾರು ನೋಡಲು ಹೊರಗೆ ಹೋದಳು.