ಸಾಕು ಎನ್ನುವವರು ಸಾಕು ಎನ್ನಿ

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ಮೊದಲ ಡ್ರಾಫ್ಟ್‌ನಲ್ಲಿ ಆಸ್ಪತ್ರೆಯಿಂದ ಶುರುಮಾಡಿದ್ದೆ. ಎರಡನೇ ಪ್ಯಾರಾದಲ್ಲೇ ಕಥಾನಾಯಕಿ ಅಕ್ಕ ಸತ್ತಳು. ಬರೆದು ನಾನೇ ಗೊಳೋ ಎಂದು ಅತ್ತೆ (ನಾನು ಬರೆದದ್ದಕ್ಕೆ ನಾನೊಬ್ಬನೇ ಅಳುವುದು ಹೊಸದೇನಲ್ಲ). ಅಷ್ಟರಲ್ಲಿ ಸತ್ತವಳು ಎದ್ದು ಕೂತಳು.

"ಏನಯ್ಯಾ, ನಿನಗೆ ಬೇರೆ ಕೆಲಸ ಇಲ್ವಾ? ನನ್ನನ್ನ ಸಾಯಿಸಿ ಹೆಸರು ಮಾಡ್ಕೋಬೇಕಾ? ಎಲ್ಲಾ ಕಾಣೋ ಹಾಗೆ ಒಂದು ಒಳ್ಳೆ ಜಾಗ ಕೊಡು, ನಡಿ."

ಡಿಲೀಟ್. ಅಕ್ಕನನ್ನು ಈಗ ಶಾಸನಸಭೆಯ ಪ್ರೇಕ್ಷಕರ ಗ್ಯಾಲರಿಯಲ್ಲಿ, ಮೊದಲ ಸಾಲಿನಲ್ಲಿ ಕೂರಿಸಿದ್ದೇನೆ.

೧

ಕೆಳಗೆ ಸಭೆಯ ಮುಂದೆ ಒಂದು ಮಸೂದೆ ಇದೆ: ಎಲ್ಲರಿಗೂ ಉಚಿತ ಚಿಕಿತ್ಸೆ, ಉಚಿತ ಔಷಧಿ. ಇವತ್ತು ಅಧಿವೇಶನದ ಕೊನೆಯ ದಿನ. ಸಂಜೆಯೊಳಗೆ ಚರ್ಚೆ ಮುಗಿಯದಿದ್ದರೆ ಮಸೂದೆ ಬಿದ್ದುಹೋಗುತ್ತದೆ. ಮುಗಿಯಬಾರದೆಂದೇ ಒಬ್ಬ ಮಹಾಶಯ ನಿನ್ನೆಯಿಂದ ಮಾತಾಡುತ್ತಿದ್ದಾನೆ. "ಕೊನೆಯದಾಗಿ ಒಂದು ಮಾತು" ಎನ್ನುತ್ತಾನೆ, ಆಮೇಲೆ ನೂರು ಮಾತು. ಎಲ್ಲರೂ ಅವನನ್ನು 'ಕೊನೆಯದಾಗಿ' ಎಂದೇ ಕರೆಯುವುದು. ಸದ್ಯ ಆಸ್ಪತ್ರೆ ಮಂಚದ ಚಕ್ರಗಳು ಯಾಕೆ ಕಿರುಗುಟ್ಟುತ್ತವೆ ಎಂದು ವಿವರಿಸುತ್ತಿದ್ದಾನೆ. (ನನಗೆ ಅವನ ಮೇಲೆ ಒಳಗೊಳಗೇ ಪ್ರೀತಿ. ಇಬ್ಬರದೂ ಒಂದೇ ಕಸುಬು.)

೨

ಚರ್ಚೆ ನಿಲ್ಲಿಸುವ ಪ್ರಸ್ತಾವ ಟೀ ವಿರಾಮದ ನಂತರ ಮತಕ್ಕೆ ಬರುತ್ತದೆ. ಗೆಲ್ಲಲು ಒಂದು ಮತ ಕಡಿಮೆ. ಅದು ಸಭೆಯಲ್ಲೇ ಸದಸ್ಯನಾಗಿರುವ ಅಕ್ಕನ ತಮ್ಮನದು. ಅಪ್ಪ ಅಮ್ಮ ಇಲ್ಲದವನನ್ನು ಅಕ್ಕನೇ ಸಾಕಿ ದೊಡ್ಡವನನ್ನಾಗಿ ಮಾಡಿದಳು. ದೊಡ್ಡವನಾಗಿ ಅವನು ಕಲಿತದ್ದು ಒಂದೇ ಮಾತು: ನೋಡೋಣ. ಮದುವೆಗೆ ಒಪ್ಪಿಗೆಯಾ ಎಂದು ಕೇಳಿದಾಗಲೂ "ನೋಡೋಣ" ಎಂದಿದ್ದ. ಹುಡುಗಿ ಎದುರಿಗೇ ಕೂತು ನೋಡುತ್ತಿದ್ದಳು. ಹೀಗಾಗಿ ಅವನ ಹೆಸರೂ ನೋಡೋಣ.

ಟೀ ವಿರಾಮದಲ್ಲಿ ಅವನು ಮೇಲೆ ಬಂದ. ಅಕ್ಕ ಮಾತ್ರೆಯೊಂದನ್ನು ಉಗುರಿನಿಂದ ಎರಡು ಮಾಡಿ, ಅರ್ಧ ನುಂಗಿ, ಅರ್ಧವನ್ನು ಕರವಸ್ತ್ರದ ತುದಿಗೆ ಗಂಟು ಹಾಕುತ್ತಿದ್ದಳು.

"ಯಾಕಕ್ಕಾ ಅರ್ಧ? ಇಡೀ ಡಬ್ಬಿನೇ ತಂದ್ಕೊಟ್ಟಿದ್ನಲ್ಲ."

"ಇನ್ನರ್ಧ ಪಕ್ಕದ್ಮನೆಯವಳಿಗೆ. ಅವಳಿಗೂ ಇದೇ ಕಾಯಿಲೆ ಕಣೋ."

"ಅರ್ಧರ್ಧ ತಗೊಂಡ್ರೆ ಇಬ್ರಿಗೂ ವಾಸಿಯಾಗಲ್ಲ."

"ಗೊತ್ತು. ಏನ್ಮಾಡ್ಲಿ? ಅವಳಿಗೆ ಸಭೇಲಿ ತಮ್ಮ ಇಲ್ವಲ್ಲ."

ನೋಡೋಣ ಬಾಯಿ ತೆರೆದ. ಅಭ್ಯಾಸದ ಮಾತು ಬರಲಿಲ್ಲ. (ಇಲ್ಲಿ ಅವನ ಕಣ್ಣಲ್ಲಿ ನೀರು ತರಿಸಬೇಕೆಂದಿದ್ದೆ. ಅಕ್ಕ ನನ್ನತ್ತ ಗುರ್ ಎಂದು ಕಣ್ಣು ಬಿಟ್ಟಳು. ನಾನು ಆಸೆ ಬಿಟ್ಟೆ.)

೪

(ಮೂರನೆಯ ಭಾಗದಲ್ಲಿ ಕುರ್ಚಿ ಎಸೆದಾಟವಿತ್ತು. ಕುರ್ಚಿಗಳು ಒಪ್ಪಲಿಲ್ಲ.)

ಗಂಟೆ ಹೊಡೆಯಿತು. ಸಭಾಧ್ಯಕ್ಷೆ ಮೈಕ್ ಸರಿಮಾಡಿಕೊಂಡರು. "ಚರ್ಚೆ ಮುಗೀಲಿ ಅನ್ನೋರು ಎದ್ದು 'ಸಾಕು' ಅನ್ನಿ. ಮುಂದುವರೀಲಿ ಅನ್ನೋರು 'ಬೇಕು' ಅನ್ನಿ."

ಸಾಕು. ಬೇಕು. ಬೇಕು. ಸಾಕು. ಬಡಿಸುವವನ ಮುಂದೆ ಊಟಕ್ಕೆ ಕೂತಂತಿತ್ತು ಸಭೆ. ಎಲ್ಲರ ಸರದಿ ಮುಗಿದು ನೋಡೋಣನೊಬ್ಬನೇ ಉಳಿದ. ಎದ್ದು ನಿಂತ.

"ಸಾಕು."

ಅರ್ಧ ಸಭೆ ಹೋ ಎಂದಿತು. 'ಕೊನೆಯದಾಗಿ' ಕೂತಲ್ಲಿಂದ ನೆಗೆದ. "ಪಾಯಿಂಟ್ ಆಫ್ ಆರ್ಡರ್! 'ಸಾಕು' ಅನ್ನೋದಕ್ಕೆ ಎರಡರ್ಥ ಇದೆ. ನಾಯಿ ಸಾಕು, ಬೆಕ್ಕು ಸಾಕು ಅಂತೀವಲ್ಲ? ಹಾಗೇ ಚರ್ಚೆಯನ್ನ ಸಾಕು, ಸಾಕಿ ಬೆಳೆಸು ಅಂದಿದಾರೆ ಸದಸ್ಯರು. ಈ ಮತ ನಮ್ಮದು!"

(ಆಣೆ ಮಾಡಿ ಹೇಳುತ್ತೇನೆ, ಇದು ನಾನು ಬರೆದದ್ದಲ್ಲ. ಅವನೇ ಹೇಳಿಬಿಟ್ಟ. ನನಗೆ ಇಷ್ಟು ಬುದ್ಧಿ ಇದ್ದಿದ್ದರೆ ಈ ಹೊತ್ತಿಗೆ ಎಲ್ಲೋ ಇರುತ್ತಿದ್ದೆ.)

ಸಭಾಧ್ಯಕ್ಷೆಗೆ ನಗು ತಡೆಯಲಾಗಲಿಲ್ಲ. "ಸದಸ್ಯರೇ, ಯಾವ ಅರ್ಥದಲ್ಲಿ ಅಂದ್ರಿ?"

ನೋಡೋಣ ಗ್ಯಾಲರಿಯತ್ತ ತಲೆಯೆತ್ತಿದ. "ಎರಡೂ, ಮೇಡಂ. ಮಾತು ಸಾಕು. ಜನರನ್ನ ಸಾಕು. ನನ್ನನ್ನ ಸಾಕಿದೋಳು ಮೇಲೆ ಕೂತಿದಾಳೆ. ಬೇಕಾದ್ರೆ ಅವಳನ್ನ ಕೇಳಿ."

ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟುವಂತಿಲ್ಲ. ಅಕ್ಕ ತಟ್ಟಿದಳು. ತಡೆಯಲು ಓಡಿಬಂದ ಕಾವಲುಗಾರನೂ ತಟ್ಟಿದ. ಚರ್ಚೆ ಮುಗಿಯಿತು! ಬರೆಯುವವನು ಹೀಗೆ ಬಾಯಿಬಿಟ್ಟು ಹೇಳಬಾರದಂತೆ, ಆದರೂ ಹೇಳುತ್ತೇನೆ: ನನಗೆ ಕುಣಿಯುವಷ್ಟು ಖುಷಿಯಾಯಿತು.

೫ (ಅಥವಾ ಇಲ್ಲ)

ಮುಗಿದದ್ದು ಚರ್ಚೆ ಮಾತ್ರ. ಮಸೂದೆಯ ಮೇಲೆ ಇನ್ನೊಂದು ಮತ ಆಗಬೇಕು. ಗೆದ್ದಿತು, ಎಲ್ಲರೂ ಅಪ್ಪಿಕೊಂಡರು ಎಂದು ಬರೆಯಲೇ? ಸೋತಿತು ಎಂದು ಬರೆದರೆ ವಿಮರ್ಶಕರು ತಲೆದೂಗುತ್ತಾರೆ.

"ಎರಡೂ ಬೇಡ," ಎಂದಳು ಅಕ್ಕ. "ಪಕ್ಕದ್ಮನೆಯವಳ ಕೈಗೆ ಇಡೀ ಮಾತ್ರೆ ಬರೋವರೆಗೂ ಕಥೆ ಮುಗಿಸ್ಬೇಡ. ಮಾತಾಡ್ತಾ ಇರು."

"ಏನಂತ ಮಾತಾಡ್ಲಿ ಅಕ್ಕಾ?"

"ಅಲ್ಲಿ ಕೂತಿದಾನಲ್ಲ, ಅವನ ಹತ್ರ ಕಲ್ತ್ಕೋ."

ಕೆಳಗೆ 'ಕೊನೆಯದಾಗಿ' ನೀರು ಕುಡಿಯುತ್ತಿದ್ದ. ಎರಡನೆಯ ಗಂಟೆ ಹೊಡೆಯುತ್ತಿದೆ. ಕರವಸ್ತ್ರದ ಗಂಟಿನಲ್ಲಿ ಅರ್ಧ ಮಾತ್ರೆ ಹಾಗೇ ಇದೆ. ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ.

ಓದುಗರೇ, ಕೊನೆಯದಾಗಿ ಒಂದು ಮಾತು: