ಆ ದೀಪ ಮಿನುಗುತ್ತಿತ್ತೇ?

೧
ಎಲ್ಲಿಂದ ಶುರು ಮಾಡಲಿ? 'ರೋಬೋಟ್ ನಿಂತುಹೋಯಿತು' ಎಂದರೆ ಮೊದಲ ಸಾಲಿಗೇ ಕಥೆ ಮುಗಿಯಿತು. 'ಮಗಳು ಆರು ತಿಂಗಳು ಒದ್ದಾಡಿ ಕಟ್ಟಿದ ರೋಬೋಟ್' ಎಂದರೆ ಕಣ್ಣೀರು ಹಿಂಡಿದಂತೆ. (ಎರಡೂ ನಿಜ. ಎರಡನ್ನೂ ಹೊಡೆದುಹಾಕಿದೆ.)

೨
ಹೀಗಿರಲಿ. ಶಾಲಾ ಮಕ್ಕಳ ರೋಬೋಟ್ ಸ್ಪರ್ಧೆ, ಸೆಮಿಫೈನಲ್. ಚೆಂಡು ಎತ್ತಿ ಬುಟ್ಟಿಗೆ ಹಾಕುವ ಆಟ. ರಿಮೋಟ್ ಹಿಡಿದವಳು ನನ್ನ ಮಗಳು. ಐವತ್ತು ಸೆಕೆಂಡು ಉಳಿದಿರುವಾಗ ಅವಳ ರೋಬೋಟ್ ಚೆಂಡು ಹಿಡಿದುಕೊಂಡೇ ಕಲ್ಲಾಯಿತು. ಅವಳ ತಂಡ ಸೋತಿತು.

ನಿಯಮ ಸರಳ: ಕಣದ ವೈರ್‌ಲೆಸ್ ಕೈಕೊಟ್ಟಿದ್ದರೆ ಮರುಪಂದ್ಯ, ರೋಬೋಟೇ ಕೆಟ್ಟಿದ್ದರೆ ನಿಮ್ಮ ಹಣೆಬರಹ. ಅದನ್ನು ಹೇಳುವುದು ರೋಬೋಟಿನ ಬೆನ್ನ ಮೇಲಿನ ಪುಟ್ಟ ದೀಪ. ಮಿನುಗುತ್ತಿದ್ದರೆ ಕಣದ ತಪ್ಪು, ಆರಿದ್ದರೆ ರೋಬೋಟಿನದು. ಟೆಕ್ನಿಷಿಯನ್ ಬಂದು ನೋಡುವವರೆಗೆ ಯಾರೂ ಮುಟ್ಟಬಾರದು.

೩
ಮುಟ್ಟಿದಳು. ಟೆಕ್ನಿಷಿಯನ್ ಬರುವಷ್ಟರಲ್ಲಿ ಸ್ವಿಚ್ ಆರಿಸಿ, ರೋಬೋಟನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದಳು. (ಓದುಗರೇ, 'ಎದ್ದು ಹೋಗುವಾಗ ಸ್ವಿಚ್ ಆರಿಸು' ಎಂದು ಹದಿಮೂರು ವರ್ಷ ಅವಳ ತಲೆ ತಿಂದವಳು ನಾನೇ.)

೪
ರೆಫರಿಯ ಮುಂದೆ ಮಕ್ಕಳೇ ಮಾತಾಡಬೇಕು, ದೊಡ್ಡವರು ಹಗ್ಗದಾಚೆ.

"ದೀಪ ಹೇಗಿತ್ತಮ್ಮಾ?" ಎಂದರು ರೆಫರಿ.

ಮೊದಲ ಕರಡಿನಲ್ಲಿ ಅವಳಿಂದ "ಮಿನುಗ್ತಿತ್ತು ಸರ್" ಅನ್ನಿಸಿದ್ದೆ. ಮರುಪಂದ್ಯ, ಗೆಲುವು, ಚಪ್ಪಾಳೆ. ಮಗಳು ಹಾಳೆ ಕಸಿದು ಓದಿದಳು.

"ಅಮ್ಮಾ, ನಾನ್ಯಾವಾಗ ಹಾಗಂದೆ?"

"ಕಥೆ ಕಣೇ ಇದು."

"ಕಥೇಲಿ ನನ್ ಕೈಲಿ ಸುಳ್ಳು ಹೇಳಿಸ್ತೀಯಾ? ನಿಜವಾಗ್ಲೂ ಹೇಳಿದ್ರೆ ಬೈತೀಯ!"

ಹೊಡೆದುಹಾಕಿದೆ. ಅವಳು ಹೇಳಿದ್ದು ಇಷ್ಟೇ: "ನೋಡ್ಲಿಲ್ಲ ಸರ್. ಅಭ್ಯಾಸ, ಆರಿಸ್ಬಿಟ್ಟೆ."

ರೆಫರಿ ಪೆನ್ನಿನ ಮುಚ್ಚಳ ಹಾಕಿದರು. "ಹಾಗಾದ್ರೆ ನಾನೇನೂ ಮಾಡೋ ಹಾಗಿಲ್ಲ ಮಗು. ಮರುಪಂದ್ಯ ಇಲ್ಲ."

೫
ಎರಡನೇ ಅಂತ್ಯ: ತಾಯಿ ಹಗ್ಗ ಹಾರಿ ಫೋನಿನ ವಿಡಿಯೊ ತೋರಿಸುತ್ತಾಳೆ. (ವಿಡಿಯೊ ನೋಡಿ ತೀರ್ಪು ಕೊಡುವಂತಿಲ್ಲ. ಎರಡು ಪಾಳಿ ದುಡಿದು ಬಂದ ಮಂಡಿ ಹಾರುವುದೂ ಇಲ್ಲ. ಇನ್ನೂ ದೊಡ್ಡ ತೊಡಕೆಂದರೆ, ನಾನು ತೆಗೆದ ವಿಡಿಯೊದಲ್ಲಿ ರೋಬೋಟ್ ಎಲ್ಲೂ ಇಲ್ಲ. ಉದ್ದಕ್ಕೂ ಮಗಳ ಮುಖ.)

"ಬರೀ ನನ್ ಮೂಗಿನ ಹೊಳ್ಳೆ ತೆಗ್ದಿದ್ದೀಯಲ್ಲಮ್ಮಾ!" ನಕ್ಕು ನಕ್ಕು ಅವಳಿಗೆ ಬಿಕ್ಕಳಿಕೆ ಬಂತು.

೬
"ಹೋಗ್ಲಿ, ರೆಫರಿ ಮನಸ್ಸು ಬದಲಾಯಿಸಿದ್ರು ಅಂತ ಬರೀಲಾ?"

"ಆಗ ಗೆದ್ದಿದ್ದ ಆ ಹುಡುಗೀರು? ಅವರಮ್ಮಂದಿರೂ ಕಥೆ ಬರೆಯೋಕೆ ಕೂತ್ರೆ?"

ಅದನ್ನೂ ಹೊಡೆದುಹಾಕಿದೆ.

೭
ತಪ್ಪು ಯಾರದ್ದಿತ್ತು ಎಂದು ಕೇಳುತ್ತೀರಿ. ಬ್ಯಾಟರಿ ವೈರ್ ಸಡಿಲವಿತ್ತೇ ಎಂದು ನೋಡಬಹುದಿತ್ತು. ಆದರೆ ಮಗಳು ಹೊಸ ತೋಳು ಜೋಡಿಸಲೆಂದು ರೋಬೋಟನ್ನು ಪೂರ್ತಿ ಬಿಚ್ಚಿ, ಶಿಳ್ಳೆ ಹಾಕುತ್ತ, ಮೇಜಿನ ತುಂಬ ಹರಡಿದ್ದಾಳೆ. ನನ್ನ ಹಾಳೆಯ ಮೇಲೂ ನಾಲ್ಕು ನಟ್ಟು ಬಂದು ಕೂತಿವೆ.

"ಸರಿಸ್ಬೇಡಮ್ಮಾ, ಆಮೇಲೆ ಯಾವ್ದು ಎಲ್ಲೀದು ಅಂತ ಗೊತ್ತಾಗಲ್ಲ."

ಸರಿಸಲಿಲ್ಲ. ಕಥೆಯ ಕೊನೆಯ ಸಾಲು ಬರೆಯಬೇಕಾದ ಜಾಗ ಅದೇ