ಜೇಡಮ್ಮನ ಎಳೆ, ಮುರುಕಪ್ಪನ ಕೈ

ಆ ಪ್ರಯೋಗಾಲಯದಲ್ಲಿ ಅವಳು ಎಳೆ ತೆಗೆಯುವವಳು, ಅವನು ಎಳೆ ಮುರಿಯುವವನು. ಅದಕ್ಕೇ ಅವಳಿಗೆ ಜೇಡಮ್ಮ ಎಂದೂ ಅವನಿಗೆ ಮುರುಕಪ್ಪ ಎಂದೂ ಹೆಸರು ಬಿದ್ದಿತ್ತು. ಮದುವೆಯಾದ ಮೇಲೆ ಆ ಹೆಸರುಗಳು ಮನೆಗೂ ಬಂದವು. ಮುರುಕಪ್ಪನ ತಾಯಿಯೇ ಸೊಸೆಯನ್ನು ಜೇಡಮ್ಮ ಎಂದು ಕರೆಯುತ್ತಿದ್ದರು.

ಜೇಡಮ್ಮನ ಕೋಣೆಯಲ್ಲಿ ಪಾಲಿಮರನ್ನು ಕರಗಿಸಿ ಜೇನಿನಂಥ ಪಾಕ ಮಾಡಿ, ಅತಿ ಸಣ್ಣ ರಂಧ್ರಗಳ ಮೂಲಕ ತಣ್ಣನೆಯ ದ್ರವದೊಳಗೆ ಒತ್ತುತ್ತಿದ್ದರು. ಬಿಳಿ ಎಳೆಯಾಗಿ ಬಂದದ್ದನ್ನು ಬಿಗಿಯಾಗಿ ಹಿಡಿದು ಕಾಯಿಸಿದರೆ ಹಳದಿಯಾಗಿ, ಕಂದಾಗಿ, ಕಪ್ಪಾಗುತ್ತಿತ್ತು. ಆಮೇಲೆ ಗಾಳಿಯಾಡದ ಕುಲುಮೆಯಲ್ಲಿ ಸುಟ್ಟರೆ ಉಳಿಯುವುದು ಇಂಗಾಲದ ನಾರು: ಕೂದಲಿಗಿಂತ ಸಪೂರ, ಉಕ್ಕಿಗಿಂತ ಗಟ್ಟಿ. ಜೇಡಮ್ಮನಿಗೆ ಅಷ್ಟೂ ಸಾಲದು. ಪಾಕಕ್ಕೇ ಇಂಗಾಲದ ನ್ಯಾನೋ ಕೊಳವೆಗಳನ್ನು ಬೆರೆಸಿದರೆ, ಬರಿಗಣ್ಣಿಗೆ ಕಾಣದ ಆ ಕೊಳವೆಗಳು ಎಳೆಯುದ್ದಕ್ಕೂ ಮಲಗಿ ಇನ್ನಷ್ಟು ಬಲ ಕೊಡುತ್ತವೆ ಎಂಬುದು ಅವಳ ಹಟ.

ಮೊದಮೊದಲು ಕೈ ಬಿಚ್ಚಿ ಹಾಕಿದಳು. ಕೊಳವೆಗಳು ಒಂದನ್ನೊಂದು ತಬ್ಬಿಕೊಂಡು ಗಂಟು ಕಟ್ಟಿದವು. ಗಂಟಿದ್ದಲ್ಲೆಲ್ಲ ಎಳೆ ಪಟ್ಟೆಂದು ಹೋಯಿತು.

“ಇನ್ನೂ ಸ್ವಲ್ಪ ಹಾಕಿ ನೋಡ್ಲಾ?” ಎಂದಳು.

“ಅಡುಗೆಗೆ ಉಪ್ಪು ಜಾಸ್ತಿ ಆದ್ರೆ ಇನ್ನೊಂದು ಚಮಚ ಉಪ್ಪು ಹಾಕ್ತೀಯಾ?” ಎಂದ ಮುರುಕಪ್ಪ.

ಅವಳು ಮುಖ ಊದಿಸಿಕೊಂಡು ಹೋದಳು. ಆದರೆ ಮರುದಿನದಿಂದ ಕಡಿಮೆ ಮಾಡುತ್ತ ಬಂದಳು. ಕೊನೆಗೆ ಚಿಟಿಕೆಗೂ ಕಡಿಮೆ ಹಾಕಿ, ಗಂಟು ಬಿಡಿಸಿ ತೆಗೆದ ಎಳೆಗಳನ್ನು ತಟ್ಟೆಯಲ್ಲಿಟ್ಟು ಗಂಡನ ಕೋಣೆಗೆ ತಂದಳು.

“ನೋಡ್ಕೊಂಡು ಮುರೀರಿ.”

ಒಂಟಿ ಎಳೆಯನ್ನು ಚಿಮಟದಿಂದ ಎತ್ತಿ, ನಡುವೆ ಕಿಟಕಿ ಕತ್ತರಿಸಿದ ಕಾಗದದ ಚೌಕಟ್ಟಿಗೆ ಹನಿ ಅಂಟಿನಲ್ಲಿ ಕೂರಿಸಿ, ಯಂತ್ರಕ್ಕೆ ಸಿಕ್ಕಿಸಿ, ಅದು ಮುರಿಯುವ ತನಕ ಎಳೆಯಬೇಕು. ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುವ ವಸ್ತು. ಅಂಟಿಸುವಾಗಲೇ ಮುರಿದರೆ ಅದು ಲೆಕ್ಕಕ್ಕಿಲ್ಲ. ಯಂತ್ರದಲ್ಲಿ ಮುರಿದದ್ದಕ್ಕೆ ಮಾತ್ರ ಅಂಕಿ.

ಆ ದಿನ ಎಳೆಗಳು ಸುಲಭಕ್ಕೆ ಮುರಿಯಲಿಲ್ಲ. ಕೊಳವೆ ಬೆರೆಸದ ಎಳೆಗಳಿಗಿಂತ ಇವುಗಳ ಬಲ ಸುಮಾರು ಕಾಲುಭಾಗ ಹೆಚ್ಚಿತ್ತು. ಜೇಡಮ್ಮ ಕುಣಿದಾಡಿದಳು. ಮುರುಕಪ್ಪ ಮಾತ್ರ ಅಳತೆಯ ವರದಿಗೆ ಪೆನ್ನು ಮುಟ್ಟಿಸಲಿಲ್ಲ.

“ಇದಕ್ಕೆ ನಾನು ಸಹಿ ಹಾಕಲ್ಲ.”

“ಯಾಕ್ರೀ? ಯಂತ್ರ ಕೆಟ್ಟಿದ್ಯಾ?”

“ಯಂತ್ರ ಸರಿಯಾಗಿದೆ, ನಾನೇ ಸರಿಯಿಲ್ಲ. ನಿನ್ನ ಎಳೆ ಅಂದ್ರೆ ನನ್ನ ಕೈ ತಾನಾಗೇ ಮೆತ್ತಗಾಗುತ್ತೆ. ಬೇರೆಯವರದ್ದು ಮುರಿದ್ರೆ ಮುರೀಲಿ ಅಂತೀನಿ. ನಾಳೆ ಯಾರಾದ್ರೂ ‘ಹೆಂಡ್ತಿ ಎಳೆ, ಗಂಡ ಅಳತೆ’ ಅಂತ ನಕ್ರೆ ನೀನು ಪಟ್ಟ ಕಷ್ಟವೆಲ್ಲ ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗೆ. ಬೇರೆ ಊರಿನ ಪ್ರಯೋಗಾಲಯಕ್ಕೆ ಕಳಿಸೋಣ.”

ಮಾತು ನ್ಯಾಯವಾಗಿತ್ತು, ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಸಂಜೆ ಮನೆಯಲ್ಲಿ ಎಲ್ಲ ಮಾತೂ ಅತ್ತೆಯ ಮೂಲಕವೇ.

“ಅತ್ತೆ, ನಿಮ್ಮ ಮಗನಿಗೆ ಊಟಕ್ಕೆ ಏಳೋಕೆ ಹೇಳಿ.”

ಎದುರಿಗೇ ಕೂತಿದ್ದ ಮಗನಿಗೆ ಅತ್ತೆ ಗಂಭೀರವಾಗಿ ಅದನ್ನು ದಾಟಿಸಿದರು. ಹೀಗೇ ಇನ್ನೆರಡು ಸಲ ನಡೆದ ಮೇಲೆ, “ನಿಮ್ಮ ಜಗಳಕ್ಕೆ ನಾನ್ಯಾಕ್ರೋ ತಂತಿ ಕಂಬ? ನನ್ನ ಗಂಟಲು ಒಣಗ್ತಿದೆ” ಎಂದು ಎದ್ದೇ ಹೋದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಬೆಳಿಗ್ಗೆ ಜೇಡಮ್ಮ ತಾನೇ ಎರಡೂ ಬಗೆಯ ಎಳೆಗಳನ್ನು ಜೋಪಾನವಾಗಿ ಕಟ್ಟಿ ಕಳಿಸಿದಳು.

ಕೆಲವು ವಾರಗಳ ಮೇಲೆ ಉತ್ತರ ಬಂತು. ಬೆರೆಸಿದ ಎಳೆಯೇ ಗಟ್ಟಿ. ಅಂತರವೂ ಹೆಚ್ಚು ಕಡಿಮೆ ಅದೇ ಕಾಲುಭಾಗ. ಆದರೆ ಎರಡೂ ಬಗೆಯ ಎಳೆಗಳ ಅಂಕಿ ಮುರುಕಪ್ಪನ ಅಂಕಿಗಿಂತ ಮೇಲಿತ್ತು! ಅವನಿಗೆ ತಲೆಬುಡ ತಿಳಿಯಲಿಲ್ಲ. ಅಲ್ಲಿಯ ಪರೀಕ್ಷಕರಿಗೆ ಫೋನ್ ಮಾಡಿದ.

“ಅರ್ಧಕ್ಕರ್ಧ ಎಳೆ ಅಂಟಿಸುವಾಗ್ಲೇ ಮುರಿದುಹೋದ್ವು ಸಾರ್,” ಎಂದರು ಅವರು. “ನನ್ನ ಕೈ ಸ್ವಲ್ಪ ಒರಟು. ಉಳಿದದ್ದನ್ನ ಅಳೆದೆ.”

ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದ ಜೇಡಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಅಯ್ಯೋ, ಅವರ ಹತ್ರ ಗಟ್ಟಿಪಿಂಡಗಳು ಮಾತ್ರ ಯಂತ್ರದ ತನಕ ಹೋಗಿವೆ. ನೀವೋ, ಬಡಕಲು ಎಳೆಯನ್ನೂ ಕೂಸಿನ ಥರ ಎತ್ಕೊಂಡು ಹೋಗಿ ಯಂತ್ರಕ್ಕೆ ಹಾಕಿದ್ದೀರಿ. ಅದು ಪಟಕ್ಕಂತ ಮುರಿದು ನನ್ನ ಸರಾಸರಿ ಇಳಿಸಿದೆ. ನಿಮ್ಮ ಪ್ರೀತಿಯಿಂದ ನಂಗೆ ನಷ್ಟ ಕಣ್ರೀ!”

ಮುರುಕಪ್ಪ ಪೆಚ್ಚಾದ. “ಹಾಗಾದ್ರೆ ಅವರ ಅಂಕಿನೇ ಹಾಕು. ಜಾಸ್ತಿನೂ ಇದೆ, ಹೊರಗಿನವರದ್ದೂ ಹೌದು.”

ಅವಳು ಕಣ್ಣೊರೆಸಿಕೊಂಡು ಎರಡೂ ಅಂಕಿಗಳನ್ನು ಮತ್ತೊಮ್ಮೆ ನೋಡಿದಳು.

“ಬೇಡ. ಆ ಬಡಕಲು ಎಳೆಗಳೂ ನಾನೇ ತೆಗೆದದ್ದು. ಅವನ್ನ ಬಿಟ್ಟು ಲೆಕ್ಕ ಹೇಳಿದ್ರೆ ಸರಿ ಹೋಗಲ್ಲ. ಕೊಳವೆಯಿಂದ ಬಲ ಹೆಚ್ಚಾಗಿದೆ ಅನ್ನೋದಕ್ಕೆ ಅವರು ಸಾಕ್ಷಿ, ಅಷ್ಟು ಸಾಕು. ಅಂಕಿ ನಿಮ್ಮದೇ ಇರಲಿ. ಈಗಲಾದ್ರೂ ಸಹಿ ಹಾಕ್ತೀರಾ?”

ಅವನು ಹಾಕಿದ. ಅವಳು ಅವನ ಬೆರಳುಗಳನ್ನು ಒಮ್ಮೆ ಗಟ್ಟಿಯಾಗಿ ಹಿಡಿದು, ಯಾರೋ ಬಂದ ಸದ್ದಾಗಿ ಬಿಟ್ಟಳು.

ಆ ತಿಂಗಳೇ ಜೇಡಮ್ಮ ಕೊಳವೆ ಬಿಟ್ಟು ಗ್ರಾಫೀನ್ ಎಂಬ ಇಂಗಾಲದ ಅತಿ ತೆಳು ಹಾಳೆಗಳನ್ನು ಹಿಡಿದಳು. ಅದನ್ನು ಬೆರೆಸಿ ತೆಗೆದ ಮೊದಲ ತಟ್ಟೆ ಎಳೆಗಳ ಸುದ್ದಿಯನ್ನು ಮುರುಕಪ್ಪ ಫೋನಿನಲ್ಲಿ ಹೇಳಲಿಲ್ಲ. ಎರಡು ಲೋಟ ಕಾಫಿ ಹಿಡಿದು ತಾನೇ ಅವಳ ಕೋಣೆಗೆ ಬಂದ. ಅವನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

“ಎಲ್ಲವೂ ಪಟ್ಟಂತ ಹೋದ್ವಾ?”

“ಎಲ್ಲವೂ. ಮೊದಲು ಇದನ್ನ ಕುಡಿ.”